ತಾತನ ಓ ಪದಗಳು

ಡಿಸೆಂಬರ್ 16ರ ರಾತ್ರಿ ನಮ್ಮನೇಲಿ ಅರ್ಧ ಪಾವು ರಾಗಿ ನೆನೆ ಹಾಕ್ತೀನಿ. ಮುದ್ದೆಗಲ್ಲ, ಅಂಬಲಿಗೂ ಅಲ್ಲ, ಗೋದಲಿಗೆ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೇಲಿ ಕಟ್ಟಿಟ್ರೆ ಆ ಚಳೀಲೂ ಮೊಳಕೆ ಇಣುಕುತ್ತೆ. ಆಮೇಲೆ ಹಳೇ ತಟ್ಟೇಲಿ ಮಣ್ಣು, ಪುಡಿಗೊಬ್ಬರ ಹರಡಿ, ರಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ ದಿನಾ ಕೈಯಲ್ಲಿ ನೀರು ಚಿಮುಕಿಸಿದ್ರೆ 24ರ ಸಂಜೆ ಹೊತ್ತಿಗೆ ಜಮಖಾನ ಹಾಸಿದ ಹಾಗೆ ಪೈರು ಎದ್ದಿರುತ್ತೆ. ಕುರಿ, ದನ, ಕುರುಬರ ಬೊಂಬೆಗಳನ್ನ ಅದರ ಮೇಲೆ ನಿಲ್ಲಿಸೋದು. ಈಗ ಅಂಗಡೀಲಿ ಪ್ಲಾಸ್ಟಿಕ್ ಹುಲ್ಲು ಸಿಗುತ್ತೆ, ಬೇಕಾದೋರು ತರಲಿ. ನನಗೆ ಅದು ಗೋದಲಿ ಥರ ಕಾಣಲ್ಲ, ಷೋಕೇಸ್ ಥರ ಕಾಣುತ್ತೆ.

ನಮ್ಮತ್ತೆ ಮನೇಲಿ ರಾಗಿ ಹಾಕೋಕೆ ಇಂಥದ್ದೇ ದಿನ ಅಂತ ಇರಲಿಲ್ಲ, ನೆನಪಾದಾಗ ಹಾಕೋರು. ಈ ಲೆಕ್ಕ ನಾನು ತವರಿಂದ ತಂದಿದ್ದು. "ಮೊದಲನೇ ಓ ದಿನ ರಾಗಿ ಬಟ್ಟೇಲಿರಬೇಕು ಕಣವ್ವ" ಅಂತಿದ್ರು ನಮ್ಮ ತಾತ. ಹೋದ ವರ್ಷ ನನ್ನ ಸೊಸೆ "ಓ ದಿನ ಅಂದ್ರೇನು ಅತ್ತೆ?" ಅಂತ ಕೇಳಿದ್ಳು. ಒಂದು ಮಾತಲ್ಲಿ ಹೇಳೋಕೆ ಆಗ್ಲಿಲ್ಲ. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಓದಿ, ಕೇಳಿ, ಸರಿ ಮಾಡ್ಕೊಂಡು ಇಲ್ಲಿ ಬರೀತಿದೀನಿ.

ನಮ್ಮ ತವರು ಹಾಸನದಾಚೆ, ಶೆಟ್ಟಿಹಳ್ಳಿ ಸೀಮೆ. ಆ ಮುಳುಗೋ ಚರ್ಚಿನ ಫೋಟೋ ನೀವೆಲ್ಲ ನೋಡೇ ಇರ್ತೀರ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಮಾಲೆ ಮಾತೆಯ ಗುಡಿ ಅದು. ಬೆಲ್ಲ, ಮೊಟ್ಟೆ ಹಾಕಿ ಅರೆದ ಗಾರೆ ಅಂತ ನಮ್ಮೋರು ಹೇಳ್ಕೊಂಡು ಬಂದಿದಾರೆ. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಬಂತು, ಊರುಗಳು ಎದ್ದವು, ಗುಡಿ ಒಂದು ಉಳೀತು. ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೇಲಿ ಏಳುತ್ತೆ. ಈಗ ಮದುವೆಗೆ ಮುಂಚೆ ಫೋಟೋ ತೆಗೆಸ್ಕೊಳ್ಳೋರು ಬರ್ತಾರೆ. ಬರಲಿ. ಆದ್ರೆ ನಮ್ಮಮ್ಮ ಬದುಕಿರೋ ತನಕ ಆ ಫೋಟೋ ನೋಡಿದ್ರೆ ಮುಖ ಆಚೆ ತಿರುಗಿಸೋರು.

ಆ ಕಡೆ ಕ್ರೈಸ್ತರು ಯಾವಾಗಿಂದ ಇದ್ದಾರೆ ಅಂತ ನನ್ನ ಎಷ್ಟೋ ಜನ ಕೇಳ್ತಾರೆ, ಮೊನ್ನೆ ಮೊನ್ನೆ ಬಂದೋರ ಥರ. ಮೈಸೂರು ಸೀಮೇಲಿ ಯೇಸುಸಭೆಯ ಗುರುಗಳು ಕನ್ನಡ ಕಲಿತು ಕನ್ನಡದಲ್ಲೇ ಬೋಧನೆ ಶುರು ಮಾಡಿದ್ದು 1649ರ ಸುಮಾರಿಗೆ, ಶ್ರೀರಂಗಪಟ್ಟಣದಲ್ಲಿ, ಲಿಯೊನಾರ್ದೊ ಚಿನ್ನಮಿ ಅನ್ನೋ ಇಟಲಿ ಗುರುಗಳಿಂದ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಬಂದೋರು ಫ್ರಾನ್ಸಿನ ಆಬೆ ದುಬಾಯ್. ಹಿಂದೂಗಳ ಆಚಾರ ವಿಚಾರ ಕುರಿತ ಅವರ ಪುಸ್ತಕವನ್ನ ಈಗಲೂ ಓದೋರಿದಾರೆ, ಬೈಯೋರೂ ಇದಾರೆ. ನಮ್ಮ ಕಡೆ ಅವರಿಗೆ ದೊಡ್ಡ ಸ್ವಾಮಿ ಅಂತ ಹೆಸರು. ಹಾಸನದ ಹತ್ರ ಸಾತಳ್ಳೀಲಿ ಬಡ ಕ್ರೈಸ್ತರನ್ನ ನೆಲೆ ನಿಲ್ಲಿಸಿ ಬೇಸಾಯಕ್ಕೆ ಹಚ್ಚಿದ್ರು. ಸಿಡುಬಿಗೆ ದಾಕು ಹಾಕ್ಸೋಕೆ ಊರೂರು ಓಡಾಡಿದ್ರು. 1823ರಲ್ಲಿ ವಾಪಸ್ ಹೋದ್ರು. ಅವರ ಹಿಂದೆ ಫ್ರೆಂಚ್ ಗುರುಗಳು ಒಬ್ಬರಾದ ಮೇಲೊಬ್ಬರು ಬರ್ತಾನೇ ಇದ್ರು.

ಅಂಥ ಒಬ್ಬ ಗುರುಗಳ ಬಂಗಲೇಲಿ ನಮ್ಮ ತಾತ ಹತ್ತು ಹನ್ನೆರಡು ವರ್ಷದ ಹುಡುಗ ಇರುವಾಗ ಅಡಿಗೆ ಮನೆ ಕೆಲಸಕ್ಕೆ ಸೇರಿದ್ರು. ಸೌದೆ ಒಡೆಯೋದು, ನೀರು ಸೇದೋದು, ಕೋಳಿಗೆ ಕಾಳು ಹಾಕೋದು. ಗುರುಗಳು ದಿನಾ ಸಂಜೆ ಜಪದ ಪುಸ್ತಕ ಹಿಡ್ಕೊಂಡು ಜಗುಲಿ ಮೇಲೆ ಅಡ್ಡಾಡ್ತಾ ಲ್ಯಾಟಿನ್‌ನಲ್ಲಿ ಸಂಧ್ಯಾ ಪ್ರಾರ್ಥನೆ ಹೇಳೋರಂತೆ. ವರ್ಷ ಪೂರ್ತಿ ಬಾಯೊಳಗೇ ಹೇಳ್ಕೊಳ್ಳೋರು ಡಿಸೆಂಬರ್ 17 ಬಂದ ತಕ್ಷಣ ರಾಗ ತೆಗೆದು ಹಾಡೋರು. ಓ... ಅಂತ ಶುರು. ಆ ಓ ಉದ್ದಕ್ಕೆ ಎಳೆದು, ಮೇಲಕ್ಕೆ ಹೋಗಿ, ಬಳುಕಿ ಕೆಳಗಿಳಿದು ಬರೋದಂತೆ. ಹುಡುಗ ಒಲೆ ಮುಂದೆ ಕೂತು ಕೇಳೋನು. ದಿನಕ್ಕೊಂದು ಪದ, ಧಾಟಿ ಮಾತ್ರ ಒಂದೇ. ಹಾಗಾಗಿ ಬೇಗ ಕಲಿತುಬಿಟ್ಟ. ಆಮೇಲೆ ಓದು ಬರಹ ಬಂದ ಮೇಲೆ ನೆನಪಲ್ಲಿದ್ದ ಶಬ್ದ ಕನ್ನಡ ಅಕ್ಷರದಲ್ಲಿ ಒಂದು ಲೆಕ್ಕದ ಪುಸ್ತಕದಲ್ಲಿ ಬರ್ಕೊಂಡ್ರು. ಒಂದು ಕಡೆ ರಾಗಿ ಕೊಟ್ಟಿದ್ದು, ಸಾಲ ತಂದಿದ್ದು, ಇನ್ನೊಂದು ಕಡೆ ಲ್ಯಾಟಿನ್.

ಅರ್ಥ ತಾತನಿಗೆ ಗೊತ್ತಿರಲಿಲ್ಲ. ನಮಗಂತೂ ಇನ್ನೂ ಇಲ್ಲ. ಪ್ರತಿ ಪದದಲ್ಲೂ ಒಂದು ಕಡೆ "ವೇನಿ" ಅಂತ ಬರೋದು. ನಾವು ಹುಡುಗ್ರೆಲ್ಲ ಅದು ಅಜ್ಜಿ ಜಡೆ ವಿಷಯ ಅಂದ್ಕೊಂಡಿದ್ವಿ. ತಾತ ವೇನಿ ಅನ್ನೋದೇ ತಡ, ನನ್ನ ತಮ್ಮ ಹೋಗಿ ಅಜ್ಜಿ ಜಡೆ ಎಳೆಯೋನು.

ವೇನಿ ಅಂದ್ರೆ ಲ್ಯಾಟಿನ್‌ನಲ್ಲಿ "ಬಾ" ಅಂತ. ಇದು ನನಗೆ ಗೊತ್ತಾಗಿದ್ದು ನಲವತ್ತು ವರ್ಷ ಆದ ಮೇಲೆ.

ಈಗ ಪದಗಳ ವಿಷಯಕ್ಕೆ ಬರ್ತೀನಿ. ಒಟ್ಟು ಏಳು. 17ಕ್ಕೆ ಓ ಸಾಪಿಯೆಂತ್ಸಿಯ, ಅಂದ್ರೆ ಓ ಜ್ಞಾನವೇ. 18ಕ್ಕೆ ಓ ಅದೊನಾಯಿ, ಓ ಒಡೆಯನೇ, ಮೋಶೆಗೆ ಉರಿಯೋ ಪೊದೇಲಿ ಕಾಣಿಸ್ಕೊಂಡೋನು. 19ಕ್ಕೆ ಓ ರಾದಿಕ್ಸ್ ಯೆಸ್ಸೆ, ದಾವೀದನ ಅಪ್ಪ ಇಷಯ ಇದ್ದನಲ್ಲ, ಆ ವಂಶದ ಬೇರೇ ಅಂತ. 20ಕ್ಕೆ ಓ ಕ್ಲಾವಿಸ್ ದಾವಿದ್, ದಾವೀದನ ಬೀಗದ ಕೈಯೇ. 21ಕ್ಕೆ ಓ ಓರಿಯೆನ್ಸ್, ಉದಯಿಸೋ ಬೆಳಕೇ. ವರ್ಷದಲ್ಲೇ ಉದ್ದದ ರಾತ್ರಿ ಬರೋದು ಆ ಹೊತ್ತಿಗೇ, ನೋಡಿ. 22ಕ್ಕೆ ಓ ರೆಕ್ಸ್, ಜನಾಂಗಗಳ ಅರಸನೇ. 23ಕ್ಕೆ ಓ ಎಮ್ಮಾನುವೆಲ್, ನಮ್ಮ ಜೊತೆ ಇರೋ ದೇವರೇ. ಈ ಹೆಸರುಗಳಲ್ಲಿ ಬಹಳಷ್ಟು ಹಳೇ ಒಡಂಬಡಿಕೆಯ ಯೆಶಾಯ ಪ್ರವಾದಿ ಗ್ರಂಥದಿಂದ ಬಂದಿರೋವು. ಮೊದಲು ಹೆಸರು ಹಿಡಿದು ಕರೆಯೋದು, ಆಮೇಲೆ ನೀನು ಇಂಥೋನು ಅಂತ ಹೊಗಳೋದು, ಕೊನೆಗೆ ಬಾ ಅನ್ನೋದು. ನಮ್ಮ ಭಜನೇಲೂ ಇದೇ ಕ್ರಮ ಅಲ್ವಾ.

ಸಂಧ್ಯಾ ಪ್ರಾರ್ಥನೇಲಿ ದಿನಾ ಮರಿಯಮ್ಮನ ಸ್ತುತಿಗೀತೆ ಇರುತ್ತೆ, ಲೂಕನ ಶುಭಸಂದೇಶದಲ್ಲಿರೋದು. ಆ ಗೀತೆಗೆ ಮೊದಲೂ ಆಮೇಲೂ ಹಾಡೋದು ಈ ಓ ಪದ. ಅಂದ್ರೆ ನಮ್ಮ ಲೆಕ್ಕದಲ್ಲಿ ಇವು ಪಲ್ಲವಿ. ಚರಣ ದಿನಾ ಒಂದೇ, ಪಲ್ಲವಿ ಮಾತ್ರ ಏಳು ದಿನಕ್ಕೆ ಏಳು.

ಎಷ್ಟು ಹಳೇವು? ಒಂಬತ್ತನೇ ಶತಮಾನದಲ್ಲಿ ಮೆಟ್ಸ್ ಊರಿನ ಅಮಲಾರಿಯುಸ್ ಅನ್ನೋ ವಿದ್ವಾಂಸರು ಇವುಗಳಿಗೆ ವಿವರಣೆ ಬರೆದಿದಾರೆ. ಅಂದ್ರೆ ಆ ಹೊತ್ತಿಗಾಗ್ಲೇ ಹಾಡ್ತಿದ್ರು. ಇಲ್ಲಿ ನೃಪತುಂಗನ ಕಾಲ, ಕವಿರಾಜಮಾರ್ಗದ ಕಾಲ. ಇಂಗ್ಲೆಂಡಿನ ಎಕ್ಸೆಟರ್ ಅನ್ನೋ ಊರಲ್ಲಿ ಹತ್ತನೇ ಶತಮಾನದ ಒಂದು ಹಸ್ತಪ್ರತಿ ಇದೆ, ಅದರಲ್ಲಿ ಈ ಓ ಪದಗಳನ್ನ ಹಿಡ್ಕೊಂಡು ಅವರ ಹಳೇ ಭಾಷೇಲಿ ಬರೆದ ಕಾವ್ಯ ಇದೆ. ಪಂಪ ಬರೆದಿದ್ದೂ ಅದೇ ಶತಮಾನದಲ್ಲಿ. ಬೇಲೂರು ದೇವಸ್ಥಾನ 1117ರದ್ದು. ಅದಕ್ಕಿಂತ ಹಳೇ ಪದಗಳು ನಮ್ಮ ಮನೆ ಲೆಕ್ಕದ ಪುಸ್ತಕದಲ್ಲಿ ಸೊಸೈಟಿ ಸಾಲದ ಪಕ್ಕ ಕೂತಿದ್ವು ಅಂತ ನೆನೆಸ್ಕೊಂಡ್ರೆ ಈಗ ನಗು ಬರುತ್ತೆ.

ಮನೆ ನಡೆಸೋರಿಗೆ ಇಷ್ಟ ಆಗೋ ಒಂದು ವಿಷಯ ಹೇಳ್ತೀನಿ. ಹಿಂದೆ ಯೂರೋಪಿನ ಸನ್ಯಾಸಿ ಮಠಗಳಲ್ಲಿ ಒಂದೊಂದು ಓ ಪದ ಎತ್ತಿಕೊಡೋ ಹಕ್ಕು ಒಬ್ಬೊಬ್ಬರಿಗೆ. ಬೇರಿನ ಪದ ತೋಟ ನೋಡ್ಕೊಳ್ಳೋ ಸನ್ಯಾಸಿಗೆ. ಬೀಗದ ಕೈ ಪದ ಉಗ್ರಾಣದೋನಿಗೆ! ಯಾರ ಸರದಿಯೋ ಅವರು ಆ ದಿನ ಮಠದೋರಿಗೆಲ್ಲ ಏನಾದ್ರೂ ವಿಶೇಷ ತಿನ್ನೋಕೆ ಕುಡಿಯೋಕೆ ಕೊಡಬೇಕು. ಅಡಿಗೆಮನೆ ಲೆಕ್ಕ ಇಟ್ಟೋರು ಎಲ್ಲೇ ಇರಲಿ, ಅವರಿಗೆ ಒಂದು ದಿನದ ಮರ್ಯಾದೆ ಸಿಕ್ತಲ್ಲ ಅಂತ ನನಗೆ ಖುಷಿ. ನಮ್ಮಜ್ಜಿನೂ ಹೀಗೇ 20ನೇ ತಾರೀಕು ಪೆಟ್ಟಿಗೆ ಬೀಗ ತೆಗೆದು ಬೆಲ್ಲ, ತುಪ್ಪ, ಗಸಗಸೆ ಈಚೆ ಹಾಕೋರು, ಕಜ್ಜಾಯಕ್ಕೆ. ತಾತ ಆ ಹೊತ್ತಿಗೆ ಸರಿಯಾಗಿ ಕ್ಲಾವಿಸ್ ಶುರು ಮಾಡೋರು. ಕಜ್ಜಾಯದ ಹಿಟ್ಟು ಮೂರು ದಿನ ಹದ ಬರಬೇಕು, 23ಕ್ಕೆ ಬೇಯಿಸಬೇಕು, ಅದಕ್ಕೇ 20. ಮಠಕ್ಕೂ ಅಜ್ಜಿಗೂ ಸಂಬಂಧ ಇಲ್ಲ, ಹಿಟ್ಟಿಗೂ ಪಂಚಾಂಗಕ್ಕೂ ಇರೋದು.

ಇನ್ನೊಂದು ಚಮತ್ಕಾರ ಇದೆ. ಏಳು ಹೆಸರಿನ ಮೊದಲಕ್ಷರಗಳನ್ನ ಹಿಂದಿನಿಂದ ಮುಂದಕ್ಕೆ, ಎಮ್ಮಾನುವೆಲ್ಲಿಂದ ಸಾಪಿಯೆಂತ್ಸಿಯ ತನಕ ಜೋಡಿಸಿದ್ರೆ ಲ್ಯಾಟಿನ್‌ನಲ್ಲಿ "ಏರೊ ಕ್ರಾಸ್" ಅಂತಾಗುತ್ತೆ. "ನಾಳೆ ಇರ್ತೀನಿ" ಅಂತ ಅರ್ಥ. ಏಳು ದಿನ ಬಾ ಬಾ ಅಂತ ಕರೆದದ್ದಕ್ಕೆ 23ರ ಸಂಜೆ ಉತ್ತರ ಸಿಕ್ಕ ಹಾಗೆ. ಇದು ಓದಿದಾಗ ನನಗೆ ಮೊದಲು ನೆನಪಾಗಿದ್ದು ಏನು ಹೇಳಿ? ಹಿಂದೆ ನಮ್ಮ ಕಡೆ ಮನೆ ಮನೆ ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಲಲ್ಲೋ "ನಾಳೆ ಬಾ" ಅಂತ ಬರೀತಿದ್ರಲ್ಲ, ರಾತ್ರಿ ಬಂದು ಹೆಸರು ಹಿಡಿದು ಕೂಗೋ ದೆವ್ವಕ್ಕೆ ಅಂತ, ಅದು. ಅಲ್ಲಿ ಬರೋದು ಬೇಡ ಅಂತ ನಾಳೆ ಬಾ ಅನ್ನೋದು, ಇಲ್ಲಿ ಬಾರಪ್ಪ ಅಂತ ಕೂಗಿದ್ದಕ್ಕೆ ನಾಳೆ ಬಂದೆ ಅನ್ನೋದು. ನಮ್ಮೆಜಮಾನ್ರಿಗೆ ಹೇಳಿದೆ, ಅವರು ರೈಲ್ವೆಲಿದ್ದೋರು. "ಎರಡೂ ಲೇಟು ಗಾಡಿನೇ ಬಿಡು" ಅಂದ್ರು.

ಅರಸೀಕೆರೆಗೆ ಮದುವೆಯಾಗಿ ಬಂದ ಮೇಲೆ ಡಿಸೆಂಬರ್ 16 ನನಗೆ ಇನ್ನೊಂದು ಕಾರಣಕ್ಕೆ ನೆನಪಿರೋ ಹಾಗಾಯ್ತು. ಎದುರು ಮನೆ ಅಯ್ಯಂಗಾರ್ ಮಾಮಿಗೆ ಧನುರ್ಮಾಸ ಶುರು ಆಗೋದೂ ಅವತ್ತೇ. ಬೆಳಿಗ್ಗೆ ನಾಲ್ಕಕ್ಕೆಲ್ಲ ಅವರ ಮನೆ ದೀಪ ಹತ್ತೋದು. ಸ್ನಾನ, ರಂಗೋಲಿ, ಆಮೇಲೆ ತಿರುಪ್ಪಾವೈ. ಆಂಡಾಳ್ ಹಾಡಿದ ಮೂವತ್ತು ಪಾಶುರ, ತಿಂಗಳಿಗೆ ದಿನಕ್ಕೊಂದು. ಅದರಲ್ಲೂ ಎಬ್ಬಿಸೋದೇ, ಕರೆಯೋದೇ. ಮಲಗಿರೋ ಗೆಳತೀರನ್ನ ಒಬ್ಬೊಬ್ಬರನ್ನೇ ಎಬ್ಬಿಸ್ಕೊಂಡು ಹೋಗಿ ಕೊನೆಗೆ ಕೃಷ್ಣನ್ನೇ ಎಬ್ಬಿಸೋದು. ಅವರದು ಬೆಳಗಿನ ಜಾವ, ನಮ್ಮದು ದೀಪ ಹಚ್ಚೋ ಹೊತ್ತು, ಮಧ್ಯೆ ಇಡೀ ದಿನ ಮನೆಗೆಲಸ. ಒಂದು ಸಲ ಮಾಮಿ ಜೊತೆ ಬೇಲೂರಿಗೆ ಹೋಗಿದ್ದೆ. ಚೆನ್ನಕೇಶವನ್ನ ನೋಡೋಕೆ ಬಂದೋರು ಹಿಂದೆ ಇರೋ ಆಂಡಾಳ್ ಗುಡಿ ಕಡೆ ಅಷ್ಟಾಗಿ ಹೋಗಲ್ಲ, ಮಾಮಿ ನೇರ ಅಲ್ಲಿಗೇ ಕರ್ಕೊಂಡು ಹೋದ್ರು. "ನಿಮ್ಮ ತಾತಂದು ಏಳೇ ದಿನವಾ? ನಮ್ಮೋಳು ಒಂದು ತಿಂಗಳು ಕೂಗಿದಾಳೆ ನೋಡು" ಅಂತ ಜಂಬ ಕೊಚ್ಚಿದ್ರು. ಹಳೇ ಇಂಗ್ಲೆಂಡಲ್ಲಿ ಎಂಟು ಪದ ಹಾಡ್ತಿದ್ರು, ಅದಕ್ಕೆ ಒಂದು ದಿನ ಮುಂಚೆನೇ ಶುರು ಮಾಡೋರು. ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕದ ಪಂಚಾಂಗದಲ್ಲಿ ಡಿಸೆಂಬರ್ 16ರ ಮುಂದೆ ಓ ಸಾಪಿಯೆಂತ್ಸಿಯ ಅಂತಲೇ ಅಚ್ಚಾಗಿದೆ. ಇದು ಆಗ ಗೊತ್ತಿದ್ದಿದ್ರೆ ಮಾಮಿಗೆ ಎಂಟು ಅಂತ ಹೇಳಿರ್ತಿದ್ದೆ.

ಈಗ ಹೇಳೋಕೆ ಕಷ್ಟ ಆಗೋದು.

1963ರ ನವೆಂಬರಲ್ಲಿ ಮೈಸೂರಿಂದ ಬೇರೆ ಮಾಡಿ ಚಿಕ್ಕಮಗಳೂರು ಧರ್ಮಕ್ಷೇತ್ರ ಆಯ್ತು, ಹಾಸನ ಜಿಲ್ಲೆ ಅದರೊಳಗೆ ಬಂತು. ಮುಂದಿನ ತಿಂಗಳೇ, ಡಿಸೆಂಬರ್ 4ಕ್ಕೆ, ರೋಮಿನಲ್ಲಿ ನಡೀತಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯಿಂದ ಆರಾಧನೆ ಕುರಿತ ಕಟ್ಟಳೆ ಹೊರಟಿತು. ಜನರ ಭಾಷೇಲಿ ಪೂಜೆ ಮಾಡೋಕೆ ಬಾಗಿಲು ತೆರೀತು. ಕೆಲವೇ ವರ್ಷದಲ್ಲಿ ಲ್ಯಾಟಿನ್ ಹೋಗಿ ಬಲಿಪೂಜೆ ಕನ್ನಡಕ್ಕೆ ಬಂತು. ನಾನು ಹುಟ್ಟೋ ಹೊತ್ತಿಗೆ ಎಲ್ಲಾ ಕನ್ನಡ. ಲ್ಯಾಟಿನ್ ವಾಪಸ್ ಬರಲಿ ಅಂತ ನಾನು ಯಾವತ್ತೂ ಹೇಳಲ್ಲ. ಅಮ್ಮ ಮೊದಲ ಸಲ ಗುಡೀಲಿ ಗುರುಗಳ ಮಾತು ಪೂರ್ತಿ ಅರ್ಥ ಆದಾಗ ಅತ್ತುಬಿಟ್ಟಿದ್ರಂತೆ. ಕನ್ನಡ ಪೂಜೆಗೋಸ್ಕರ ಬೆಂಗಳೂರಲ್ಲಿ ಕನ್ನಡ ಕ್ರೈಸ್ತರು ಎಷ್ಟು ಹೋರಾಡಬೇಕಾಯ್ತು ಅನ್ನೋದೂ ಗೊತ್ತಿದೆ. ಆದ್ರೆ ಎಲ್ಲ ಬದಲಾದಾಗ ತಾತನಂಥೋರ ಗಂಟಲಲ್ಲಿ ಉಳಿದದ್ದು ಏನಾಗಬೇಕು ಅಂತ ಯಾರೂ ಯೋಚನೆ ಮಾಡಲಿಲ್ಲ.

ನಾನೂ ಮಾಡಲಿಲ್ಲ. ಊರು ಬಿಟ್ಟು ಹೊಸ ಜಾಗಕ್ಕೆ ಬಂದು ಕೆಲವು ವರ್ಷ ಆಗಿತ್ತು. ನಾನು ಒಂಬತ್ತನೇ ಕ್ಲಾಸು. ಮನೆ ಹೊಸದು, ನೆರೆಯೋರು ಹೊಸಬರು, ತಾತ ಮಾತ್ರ ಹಳೇ ಥರಾನೇ 17ಕ್ಕೆ ಜಗುಲೀಲಿ ಕೂತು ಓ ಅಂತ ಎತ್ತಿದ್ರು. ನನ್ನ ಸ್ಕೂಲಿನ ಇಬ್ಬರು ಹುಡುಗೀರು ನೋಟ್ಸ್ ತಗೊಳ್ಳೋಕೆ ಬಂದಿದ್ರು. ಅವರು ಬಾಯಿಗೆ ಕೈ ಅಡ್ಡ ಇಟ್ಕೊಂಡು ನಕ್ಕರು. ನನಗೆ ನಾಚಿಕೆ ಆಯ್ತು. "ಅರ್ಥಾನೇ ಗೊತ್ತಿಲ್ಲದ್ದು ಯಾಕೆ ಹಾಡ್ತೀರ ತಾತ, ಎಲ್ರೂ ನಗ್ತಾರೆ, ಈಗ ಗುಡೀಲೂ ಇದನ್ನೆಲ್ಲ ಬಿಟ್ಟಿದಾರೆ" ಅಂದುಬಿಟ್ಟೆ. ತಾತ ಬೈಲಿಲ್ಲ. ಪುಸ್ತಕ ಮುಚ್ಚಿ "ಹೂಂ, ಬುಡವ್ವ" ಅಂದ್ರು. ಮಾರನೇ ದಿನದಿಂದ ಜಗುಲೀಲಿ ಹಾಡಲಿಲ್ಲ. ದನದ ಕೊಟ್ಟಿಗೇಲಿ ಹಾಡ್ಕೊಳ್ತಿದ್ರು ಅಂತ ಅಜ್ಜಿ ಆಮೇಲೆ ಹೇಳಿದ್ರು. ನಾನು ಕಿವಿ ಕೊಟ್ಟು ಕೇಳೋಕೆ ಹೋಗಲಿಲ್ಲ. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ತಾತ ತೀರ್ಕೊಂಡ್ರು. ಲೆಕ್ಕದ ಪುಸ್ತಕ ಅಟ್ಟದ ಮೇಲೆ ಗೆದ್ದಲು ತಿಂತು.

ಕೆಲವು ವರ್ಷದ ಹಿಂದೆ ಆಗಮನ ಕಾಲದಲ್ಲಿ ಬೆಳಗಿನ ಪೂಜೆಗೆ ಹೋಗಿದ್ದೆ. 17ನೇ ತಾರೀಕು, ಸೋಮಾರಿತನ ಬಿಟ್ಟು ಹೋಗಿದ್ದೇ ಹೆಚ್ಚು. ಶುಭಸಂದೇಶಕ್ಕೆ ಮುಂಚೆ ಅಲ್ಲೆಲೂಯ ಜೊತೆ ಒಂದು ಸಾಲು ಓದ್ತಾರಲ್ಲ, ಅದು ದೇವರನ್ನ ಜ್ಞಾನ ಅಂತ ಕರೆದು ಬಾ ಅಂತ ಮುಗೀತು. ಮಾರನೇ ದಿನ ಒಡೆಯ ಅಂತ ಬಂತು. ಮೂರನೇ ದಿನ ಬೇರು ಅಂದಾಗ ನನಗೆ ತಾತ ಹೇಳ್ತಿದ್ದ ರಾದಿಕ್ಸ್ ನೆನಪಾಯ್ತು. ಯಾಕೆ ಅಂದ್ರೆ ನಮ್ಮ ಮನೇಲಿ ಮೂಲಂಗಿಗೆ ತಮಾಷೆಗೆ ರಾದಿಕ್ಸ್ ಅಂತಿದ್ವಿ, ಯಾವುದೋ ಬೇರಿನ ವಿಷಯ ಅಂತ ಗುರುಗಳು ಒಮ್ಮೆ ತಾತನಿಗೆ ಹೇಳಿದ್ರಂತೆ. ಪೂಜೆ ಮುಗಿದ ಮೇಲೆ ನಮ್ಮ ಸಂಬಂಧದ ಒಬ್ಬ ಸಿಸ್ಟರಿಗೆ ಫೋನ್ ಮಾಡಿ ನನಗೆ ನೆನಪಿದ್ದಷ್ಟು ಶಬ್ದ ಒದರಿದೆ. ಅವರು ಆ ಕಡೆ ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ ಅದೇ ಧಾಟೀಲಿ ಪೂರ್ತಿ ಹಾಡಿದ್ರು. ಅಡಿಗೆಮನೇಲಿ ಫೋನ್ ಕಿವಿಗಿಟ್ಕೊಂಡು ನಿಂತಿದ್ದೆ, ಹಾಲು ಉಕ್ಕಿ ಹೋಗಿದ್ದು ಗೊತ್ತಾಗ್ಲಿಲ್ಲ.

ಅಂದ್ರೆ ಗುಡೀಲಿ ಬಿಟ್ಟಿರಲೇ ಇಲ್ಲ. ಕನ್ನಡದ ವೇಷ ಹಾಕ್ಕೊಂಡು ಬೆಳಗಿನ ಪೂಜೆಗೆ ಬಂದಿತ್ತು. ಸಂಧ್ಯಾ ಪ್ರಾರ್ಥನೇಲೂ ಹಾಗೇ ಇದೆ, ಗುರುಗಳು, ಸಿಸ್ಟರುಗಳು ಇವತ್ತಿಗೂ ಹೇಳ್ತಾರೆ. ನಮ್ಮ ಹುಡುಗರು ಗಿಟಾರ್ ಹಿಡ್ಕೊಂಡು ಹಾಡೋ ಓ ಕಮ್ ಓ ಕಮ್ ಇಮ್ಯಾನುಯೆಲ್ ಕೂಡ ಇವೇ ಪದಗಳ ಮರಿ. 1710ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಇವನ್ನ ಲ್ಯಾಟಿನ್ ಪದ್ಯ ಮಾಡಿ ಅಚ್ಚು ಹಾಕಿದ್ರು, 1851ರಲ್ಲಿ ಜಾನ್ ಮೇಸನ್ ನೀಲ್ ಇಂಗ್ಲಿಷಿಗೆ ತಂದ್ರು. ಅದರಲ್ಲಿ ಕೊನೇ ಓ ಪದಾನೇ ಮೊದಲ ಚರಣ. ಆ ರಾಗದ ಮೂಲ ಎಲ್ಲಿ ಅಂತ ಬಹಳ ಕಾಲ ಹುಡುಕಿ, 1966ರಲ್ಲಿ ಮೇರಿ ಬೆರಿ ಅನ್ನೋ ಕನ್ಯಾಸ್ತ್ರೀ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ 15ನೇ ಶತಮಾನದ ಹಸ್ತಪ್ರತೀಲಿ ಪತ್ತೆ ಮಾಡಿದ್ರು. ತಾತನ ಧಾಟಿ ಅದಲ್ಲ, ಇನ್ನೂ ಹಳೇದು. ಓಲಾಡಲ್ಲ, ನಡೆಯುತ್ತೆ.

ಸಿಸ್ಟರ್ ಏಳೂ ಪದ ಹೇಳಿ ಮುಗಿಸಿದಾಗ ನಾನು ಒಂದು ತಡೆದೆ. ಏಳನೇದು ಬೇರೆ ಥರ ಇತ್ತು ಅಂದೆ. ತಾತ ಹಾಡ್ತಿದ್ದ ಕೊನೇ ಪದದಲ್ಲಿ ಎಮ್ಮಾನುವೆಲ್ ಇರಲಿಲ್ಲ, ಅದು ಕನ್ನಡದಲ್ಲಿತ್ತು. "ಓ ನಮ್ಮಪ್ಪಾ, ದೂರದಿಂದ ಬಂದಿದೀಯ, ಕಾಲಿಗೆ ನೀರು ತಗೊಂಡು ಒಳೀಕ್ಕೆ ಬಾ" ಅಂತ. ಅಮ್ಮನ್ನ ಕೇಳಿದಾಗ ಕಾರಣ ಗೊತ್ತಾಯ್ತು. ಬಂಗಲೇಲಿದ್ದಾಗ ಪ್ರತಿ ವರ್ಷ 23ಕ್ಕೆ ಹುಡುಗನ್ನ ಎತ್ತಿನ ಗಾಡೀಲಿ ಹಾಸನದ ಸಂತೆ ಬೀದಿಗೆ ಹಬ್ಬದ ಸಾಮಾನು ತರೋಕೆ ಕಳಿಸೋರಂತೆ. ವಾಪಸ್ ಬರೋದು ಮಾರನೇ ದಿನ. ಅಷ್ಟು ವರ್ಷ ಇದ್ರೂ 23ರ ಸಂಜೆ ಪದ ಅವರ ಕಿವಿಗೇ ಬೀಳಲಿಲ್ಲ. ಗುರುಗಳನ್ನ ಕೇಳೋಕೆ ಭಯ. ಧಾಟಿ ಹೇಗೂ ಒಂದೇ ಅಲ್ವಾ, ಅದಕ್ಕೆ ತಮ್ಮ ಮಾತು ಕೂರಿಸ್ಕೊಂಡ್ರು. ವೇನಿ ಅಂದ್ರೆ ಬಾ ಅಂತ ತಿಳೀದಿದ್ದ ಮನುಷ್ಯ ತನ್ನ ಪದದಲ್ಲಿ ಬಾ ಅಂತಲೇ ಹಾಕಿದ್ರು, ನೋಡಿ. ಏರೊ ಕ್ರಾಸ್‌ನಲ್ಲಿ ಮೊದಲ ಅಕ್ಷರ ಹೋಯ್ತಲ್ಲ ಅಂದೆ. ಸಿಸ್ಟರ್ ನಕ್ಕು "ಹೋಗಲಿ ಬಿಡಕ್ಕ, ನೀವು ಅದನ್ನೇ ಹಾಡಿ" ಅಂದ್ರು.

ಸೊಸೆ ಇದೆಲ್ಲ ಕೇಳ್ಕೊಂಡು ಈ ಸಲ ಫೋನಲ್ಲಿ ಧಾಟಿ ರೆಕಾರ್ಡ್ ಮಾಡ್ಕೊಂಡಿದಾಳೆ. ನನ್ನ ಗಂಟಲು ಅಷ್ಟಕ್ಕಷ್ಟೇ, ಓ ಮೇಲಕ್ಕೆ ಹೋಗೋ ಜಾಗದಲ್ಲಿ ಒಡೆಯುತ್ತೆ. ಮೊದಲ ಆರು ಲ್ಯಾಟಿನ್‌ನಲ್ಲಿ ಸಿಸ್ಟರ್ ತಿದ್ದಿಕೊಟ್ಟ ಹಾಗೆ, ಏಳನೇದು ತಾತಂದು. 23ರ ಸಂಜೆ ಕಜ್ಜಾಯ ಬೇಯಿಸೋ ಬಾಣಲೆ ಮುಂದೆ ಅದು ಹಾಡಿದ್ವಿ. ಎದುರು ಮನೆ ಮಾಮಿ ಹುಗ್ಗಿ ಕೊಟ್ಟ ಡಬ್ಬಿ ವಾಪಸ್ ತಗೊಳ್ಳೋಕೆ ಬಂದೋರು ಬಾಗಿಲಲ್ಲೇ ನಿಂತು ಕೇಳಿ, "ಕಾಲಿಗೆ ನೀರು ಕೊಡು ಮತ್ತೆ, ನಾನೇನು ಹೊರಗೇ ನಿಂತಿರಲಾ?" ಅಂದ್ರು. ಡಬ್ಬಿ ತುಂಬ ಕಜ್ಜಾಯ ಹಾಕಿ ಕೊಟ್ಟೆ.